ಸದ್ದಿಲ್ಲದ ಕಾರು

ಮೆಕ್ಯಾನಿಕ್ ಅವಳ ಗಂಡನ ಕಾರಿನ ಕೀ ತಿರುಗಿಸಿದ. ಹಿಂದಿನ ಪೈಪಿನ ಬಿಸಿ ಗಾಳಿ ಕಾಲಿಗೆ ತಗುಲಿದಾಗಲೇ ಎಂಜಿನ್ ಶುರುವಾಗಿದೆ ಎಂದು ಅವಳಿಗೆ ಗೊತ್ತಾಗಿದ್ದು. ಸದ್ದೇ ಇರಲಿಲ್ಲ.

"ಪೈಪ್ ದಪ್ಪದ್ದು, ಸೈಲೆನ್ಸರ್ ಎರಡು. ಪಿಕಪ್ಪೂ ಜಾಸ್ತಿ," ಅಂದ ಮೆಕ್ಯಾನಿಕ್, ಕೈ ಒರೆಸಿಕೊಳ್ಳುತ್ತ. "ಇನ್ಮೇಲೆ ಯಜಮಾನ್ರು ಬಾಗಿಲಿಗೆ ಬಂದು ನಿಂತ್ರೂ ನಿಮಗೆ ಗೊತ್ತಾಗಲ್ಲ, ಅಕ್ಕ."

ಪಕ್ಕದಲ್ಲಿದ್ದ ಮಗಳು ಅವಳ ಕೈ ಹಿಡಿದುಕೊಂಡಳು. ಹಳೇ ಪೈಪು ಬೀದಿಯ ಮೂಲೆಯಿಂದಲೇ ಗುಡುಗುತ್ತಿತ್ತು. ತಾಯಿ ಮಗಳು ನಗು ನಿಲ್ಲಿಸಿ, ಟಿವಿ ಆರಿಸಿ, ಪಕ್ಕದ ಮನೆಯವಳನ್ನು ಹಿತ್ತಿಲಿನಿಂದ ಕಳಿಸಿ, ಹುಡುಗಿ ಕೋಣೆ ಸೇರಿ ಚಿಲಕ ಹಾಕಿಕೊಳ್ಳುವಷ್ಟು ಹೊತ್ತು ಸಿಗುತ್ತಿತ್ತು. ಒಮ್ಮೆ ಮಾತ್ರ ಮಿಕ್ಸಿಯ ಗದ್ದಲದಲ್ಲಿ ಅದು ಕೇಳಿಸಿರಲಿಲ್ಲ. ಆಮೇಲೆ ತಾಯಿಯ ಎಡಗೈ ಆರು ವಾರ ಪ್ಲಾಸ್ಟರಿನಲ್ಲಿತ್ತು.

"ಗೊತ್ತಾಗಬಾರದು ಅಂತಾನೇ ಹಾಕಿಸಿದ್ದು," ಅಂದ ಕಾರಿನ ಆಚೆ ಬದಿ ನಿಂತಿದ್ದ ಗಂಡ, ಅವಳನ್ನೇ ನೋಡಿ ನಗುತ್ತ. ಮೆಕ್ಯಾನಿಕ್ಕೂ ನಕ್ಕ. ಗಂಡ ಕಾರಿನ ಹಿಂಬಾಗಿಲು ತೆರೆದು ಹಿಡಿದ. "ಹತ್ತಿ."

ಮಗಳು ರೂಢಿಯಂತೆ ಒಂದು ಹೆಜ್ಜೆ ಮುಂದಿಟ್ಟಳು. ತಾಯಿ ಅವಳ ಕೈಯನ್ನು ಬಿಡಲಿಲ್ಲ, ನಿಂತಲ್ಲಿಂದ ಅಲುಗಲೂ ಇಲ್ಲ.

"ಒಂದ್ನಿಮಿಷ ನಿಮ್ಮ ಫೋನ್ ಕೊಡಿ," ಎಂದಳು ಮೆಕ್ಯಾನಿಕ್‌ಗೆ. "ನಮ್ಮಣ್ಣನಿಗೆ ಬರೋಕೆ ಹೇಳ್ಬೇಕು. ನಾವು ಈ ಕಾರು ಹತ್ತಲ್ಲ."