ಬೇಡಿದ ಅರಿವೆಯ ಕುಂಚಿಗೆ

ಮೂರನೆಯ ಮನೆಯವರೂ ಉಡಿ ತುಂಬಿ ಕಳಿಸಿದಾಗ ಕಮಲಾಬಾಯಿಯವರ ಪಿತ್ತ ನೆತ್ತಿಗೇರಿತು. ಅವರು ಹೋದದ್ದು ಹರಕು ಬಟ್ಟೆ ಬೇಡಲು. ಸೆರಗಿಗೆ ಬಿದ್ದದ್ದು ಮಡಿಕೆ ಬಿಚ್ಚದ ಕುಪ್ಪಸದ ಖಣ, ತೆಂಗಿನಕಾಯಿ, ಅರಿಷಿಣ-ಕುಂಕುಮ.

ಸೊಸೆ ಲೀಲಾಬಾಯಿಯ ಹಿಂದಿನ ಎರಡು ಕೂಸುಗಳು ಮೊಲೆ ಬಿಡುವ ಮೊದಲೇ ಕಣ್ಣು ಮುಚ್ಚಿದ್ದವು. ಈಗ ಹುಟ್ಟಿದ ಗಂಡುಕೂಸನ್ನು ನಾಳೆ ತೊಟ್ಟಿಲಿಗೆ ಹಾಕಬೇಕು. ಕೂಸು ನಿಲ್ಲದ ಮನೆಯಲ್ಲಿ ಹಿರಿಯಳಾದವಳು ಕಂಡವರೆದುರು ಸೆರಗೊಡ್ಡಿ ಹಳೆಯ ಅರಿವೆ ಬೇಡಬೇಕು. ಆ ತುಂಡುಗಳನ್ನೇ ಕೂಡಿಸಿ, ಕೂಸಿನ ತಲೆಯಿಂದ ಬೆನ್ನಿನ ತನಕ ಇಳಿಯುವ ಕುಂಚಿಗೆ ಹೊಲಿಯಬೇಕು. ದಿಕ್ಕಿಲ್ಲದವರ ಕೂಸು ಇದು ಎಂದುಕೊಂಡು ಮೃತ್ಯು ಮುಂದಿನ ಮನೆಗೆ ಹೋಗುತ್ತದೆಯಂತೆ. ಆ ಮುಂದಿನ ಮನೆಯವರ ಪಾಡೇನು ಎಂದು ಯಾರೂ ಕೇಳಿದ್ದಿಲ್ಲ.

ಆದರೆ ರಾಮದುರ್ಗದ ಸಂಸ್ಥಾನ ಹೋದರೂ ಅಲ್ಲಿ ಶಾಸ್ತ್ರ ಹೇಳುತ್ತಿದ್ದ ಮನೆತನದ ಠೀವಿ ಹೋಗಿರಲಿಲ್ಲ. ಕಮಲಾಬಾಯಿ ಹೊಸ್ತಿಲು ದಾಟಿದರೆ ಜನ ಎದ್ದು ನಿಂತು ಚಾಪೆ ಹಾಸುತ್ತಿದ್ದರು. ಹರಕು ಕೇಳಿದರೆ ಖಣ ಕೊಡುತ್ತೀಯಲ್ಲ, ಕಿವಿ ಕೇಳಸೂದಿಲ್ಲೇನು ಎಂದು ಅವರು ಆ ಮೂರನೆಯ ಮನೆಯ ಶಾಂತಾಬಾಯಿಯನ್ನು ಬೈದೇ ಬಿಟ್ಟರು.

“ನಿಮ್ಮಂಥಾ ಮನಿಗೆ ಚಿಂದಿ ಕೊಟ್ಟೆ ಅಂದ್ರ ನಾಳೆ ಓಣಿಯವ್ರು ನನಗೇನಂತಾರ್ರೀ? ನನಗೂ ಮಾನ ಅದ” ಎಂದಳು ಶಾಂತಾಬಾಯಿ. “ನೀವೂ ಜರತಾರಿ ಸೆರಗು ಹೊತ್ಕೊಂಡ ಬಂದೀರಿ ಬೇಡ್ಲಿಕ್ಕೆ.”

ಮನೆಯಲ್ಲಿ ಲೀಲಾಬಾಯಿ ಸೂಜಿಗೆ ದಾರ ಪೋಣಿಸಿಕೊಂಡು ಕಾಯುತ್ತಿದ್ದಳು. ಖಣಗಳ ರಾಶಿ ನೋಡಿ ಅವಳ ಮುಖ ಸಪ್ಪಗಾಯಿತು. ಕಮಲಾಬಾಯಿ ಉಪಾಯ ಹೇಳಿದರು: ಹೊಸದನ್ನೇ ಹರಿದು, ಬೂದಿ ತಿಕ್ಕಿ, ಎರಡು ಸಲ ಒಗೆದರಾಯಿತು, ಹಳೆಯದರಂತೆಯೇ ಕಾಣುತ್ತದೆ. ಸೊಸೆ ಕೂಸನ್ನು ಇನ್ನಷ್ಟು ಎದೆಗವಚಿಕೊಂಡಳು.

“ಎರಡು ಸಲ ಬಂದು ಕೂಸು ಒಯ್ದು ಮನೀ ಗುರ್ತು ಹಿಡದದ, ಅತ್ಯಾ. ಅದಕ್ಕ ಬೂದಿ ಹಚ್ಚಿದ್ದು ತಿಳೀದೇನು?”

ಎಂದೂ ಎದುರು ಮಾತಾಡದ ಸೊಸೆ. ಕಮಲಾಬಾಯಿ ಬಾಯಿಗೆ ಬಂದ ಬೈಗುಳ ನುಂಗಿ ಹಿತ್ತಲಿಗೆ ನಡೆದರು. ಅಲ್ಲಿ ಸೆಗಣಿ ಬಳಿಯಲು ಬರುವ ಕೃಷ್ಣವ್ವ ಬುಟ್ಟಿ ತುಂಬುತ್ತಿದ್ದಳು. ಅವಳು ಮುಟ್ಟಿದ ಹಗ್ಗಕ್ಕೂ ನೀರು ಚಿಮುಕಿಸುವ ಮನೆ ಇದು. ಕಮಲಾಬಾಯಿ ಆಚೀಚೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಹಳೆಯ ಅರಿವೆ ಏನಾದರೂ ಇದ್ದರೆ ಕೂಸಿಗೆ ಕೊಡು ಎಂದರು. ಹೇಳುವಷ್ಟರಲ್ಲಿ ಬೆವರು ಇಳಿಯಿತು.

“ಹಳೇದು ಬಿಟ್ರ ನಮ್ಮಲ್ಲಿ ಬ್ಯಾರೆ ಏನೈತ್ರಿ, ಬಾಯಾರ?” ಕೃಷ್ಣವ್ವ ಬುಟ್ಟಿ ಹೊರಲು ತಲೆಯ ಮೇಲೆ ಸುತ್ತಿಟ್ಟ ಅರಿವೆಯ ಸಿಂಬಿ ತೆಗೆದು ಸುರುಳಿ ಬಿಚ್ಚಿದಳು. ಯಾವ ಕಾಲದ ಸೀರೆಯೋ, ಬುಟ್ಟಿಯ ಭಾರಕ್ಕೆ ಸವೆದು ಕೂಸಿನ ಕೆನ್ನೆಯಷ್ಟು ಮೆತ್ತಗಾಗಿತ್ತು. ಕುಂಚಿಗೆಗೆ ಇದಕ್ಕಿಂತ ಒಳ್ಳೆಯ ಅರಿವೆ ಊರಲ್ಲಿ ಇರಲಿಕ್ಕಿಲ್ಲ.

ಕಮಲಾಬಾಯಿ ಸೆರಗೊಡ್ಡಿದರು. ಕೃಷ್ಣವ್ವ ನಾಲ್ಕು ಹೆಜ್ಜೆ ದೂರ ನಿಂತು, ಅರಿವೆ ಹಿಡಿದ ಕೈಯನ್ನು ತಲೆಗಿಂತ ಎತ್ತರಕ್ಕೆ ಎತ್ತಿದಳು. ಗಾಳಿ ಬೀಸುತ್ತಿತ್ತು. ಬೇಡಿದ ಅರಿವೆ ನೆಲಕ್ಕೆ ಬಿದ್ದರೆ ಶಾಸ್ತ್ರ ಕೆಟ್ಟಂತೆ.

“ಅಷ್ಟು ಮ್ಯಾಲಿಂದ ಒಗೀಬ್ಯಾಡ, ಹಾರಿ ಹೋಗ್ತದ. ಹತ್ರ ಬಾ” ಎಂದರು ಕಮಲಾಬಾಯಿ.

ಕೃಷ್ಣವ್ವ ಗಾಬರಿಯಾಗಿ ಒಂದು ಹೆಜ್ಜೆ ಹಿಂದಕ್ಕೇ ಸರಿದಳು. ಈ ಹಿತ್ತಲಲ್ಲಿ ಅವಳ ಸೆರಗಿಗೆ ರೊಟ್ಟಿ ಯಾವಾಗಲೂ ಹಾಗೆಯೇ, ಮೇಲಿನಿಂದಲೇ ಬಿದ್ದಿತ್ತು.

“ನಮಗ ಕೊಡೂ ರೀತಿ ಇದೊಂದ ಗೊತ್ತೈತ್ರಿ, ಬಾಯಾರ. ನೀವ ಕಲಿಸಿದ್ದು.”

ಕಮಲಾಬಾಯಿ ಸೆರಗನ್ನು ಇನ್ನಷ್ಟು ಅಗಲ ಮಾಡಿ, ಮೊಣಕಾಲು ಬಗ್ಗಿಸಿ, ಗಾಳಿ ಬೀಸಿದತ್ತೆಲ್ಲ ಸರಿಯುತ್ತ ಆ ಎತ್ತಿದ ಕೈಯನ್ನೇ ನೋಡತೊಡಗಿದರು.