ಅಣಬೆ ಕೋಣೆಯಲ್ಲಿ ಮಡಿ

"ಆ ಕೈಲೆ ಬೀಜ ಮುಟ್ಟಬ್ಯಾಡ!"

ಕುದಿಸಿ ಆರಿಸಿದ ಹುಲ್ಲನ್ನು ಚೀಲಕ್ಕೆ ತುಂಬಿ, ಅಣಬೆ ಬೀಜ ಹಾಕಲು ಕೈಚಾಚಿದ್ದ ಶ್ರೀಲಕ್ಷ್ಮೀ ಬೆಚ್ಚಿ ತಲೆಯೆತ್ತಿದಳು. ಬಾಗಿಲಲ್ಲಿ ಅತ್ತೆ ವಿಮಲಾಬಾಯಿ ನಿಂತಿದ್ದರು. ಶಿರಹಟ್ಟಿಯ ಆ ಮನೆಯಲ್ಲಿ ಅಣಬೆ ತಿನ್ನುವುದಿರಲಿ, ಅದರ ಹೆಸರನ್ನೂ ಯಾರೂ ಎತ್ತುತ್ತಿರಲಿಲ್ಲ. ಸೊಸೆ ಹಿತ್ತಲ ಕೋಣೆಯಲ್ಲಿ ಅದನ್ನು ಬೆಳೆಯಲು ಹೊರಟಾಗಿನಿಂದ ಅತ್ತೆ ಆ ಕಡೆ ಸುಳಿದವರೇ ಅಲ್ಲ. ಎರಡು ಸಲ ಹಸಿರು ಬೂಷ್ಟು ಹಿಡಿದು ಚೀಲಗಳೆಲ್ಲ ತಿಪ್ಪೆ ಸೇರಿದ್ದವು. ಇದೂ ಕೆಟ್ಟರೆ ಬಿಟ್ಟೇಬಿಡುತ್ತೇನೆಂದು ಶ್ರೀಲಕ್ಷ್ಮೀ ಬೆಳಿಗ್ಗೆಯಷ್ಟೇ ಗಂಡನ ಮುಂದೆ ಅತ್ತಿದ್ದಳು.

"ಕೈ ತೊಳಕೊಂಡೀನ್ರಿ ಅತ್ಯಾ."

"ತೊಳಕೊಂಡಿ, ಖರೆ. ಆಮ್ಯಾಲೆ ಫೋನ್ ಮುಟ್ಟಿದಿ, ಕೂದಲಾ ಸರಿಸಿದಿ, ಸೆರಗಿಗೆ ಕೈ ಒರಸಿದಿ. ಬೂಷ್ಟು ಹಿಡೀದ ಏನ ಮಾಡ್ತದ?"

ವಿಮಲಾಬಾಯಿ ತಿರುಗಿ ಹೋದರು. ಬಚ್ಚಲಿನಲ್ಲಿ ಮೈಮೇಲೆ ನೀರು ಸುರಿದುಕೊಳ್ಳುವ ಸದ್ದು ಕೇಳಿತು. ಮರಳಿ ಬಂದಾಗ ಅವರ ಮೈಮೇಲೆ, ಯಾರೂ ಮುಟ್ಟದಂತೆ ಎತ್ತರದ ಗಳದ ಮೇಲೆ ಒಣಗಿಸಿದ್ದ ಮಡಿಸೀರೆಯಿತ್ತು. ಅದು ದೇವರ ನೈವೇದ್ಯಕ್ಕೆ ಮಾತ್ರ ಉಡುವ ಸೀರೆ. ಚೀಲದ ಮುಂದೆ ಕುಳಿತು ಹಸಿಗೂದಲು ಬಿಗಿದು ಕಟ್ಟಿಕೊಂಡರು.

"ತಿನ್ನೂದಂತೂ ನಾ ತಿನ್ನಂಗಿಲ್ಲ. ಹೆಂಗ ಹಾಕೂದು, ದೂರ ನಿಂತು ಬಾಯಿಲೆ ಹೇಳು."

ಬೀಜದ ಮೊದಲ ಹಿಡಿ ಚೀಲದೊಳಗೆ ಇಳಿಯಿತು. ಚೀಲದ ಬಾಯಿ ಅಗಲಿಸಿ ಹಿಡಿಯಲೆಂದು ಶ್ರೀಲಕ್ಷ್ಮೀ ತನಗರಿವಿಲ್ಲದೆ ಮುಂದೆ ಬಾಗಿದಳು.

"ಹಿಂದ ಸರಿ! ಮುಟ್ಟಬ್ಯಾಡ, ಮಡಿಲೆ ಇದ್ದೀನಿ."

ಹನ್ನೆರಡು ವರ್ಷ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕೇಳಿ ಕೇಳಿ ಒಳಗೇ ಉರಿದಿದ್ದ ಅದೇ ಮಾತಿಗೆ ಶ್ರೀಲಕ್ಷ್ಮೀ ಇವತ್ತು ನಗುತ್ತ ಎರಡು ಹೆಜ್ಜೆ ಹಿಂದೆ ಸರಿದಳು.