ಕಾಸರಗೋಡಿಗೆ ಹೊರಟ ಡಬ್ಬಿ

ಇನ್ನರ್ಧ ಗಂಟೆಯಲ್ಲಿ ಗೋವಾದ ವಿಜ್ಞಾನಿಗಳೆದುರು ವಿಡಿಯೊದಲ್ಲಿ ತನ್ನ ಸಂಶೋಧನೆ ಮಂಡಿಸಬೇಕಿದ್ದ ಮುರ್ಶಿದಾ, ಲ್ಯಾಪ್‌ಟಾಪಿನ ನಕಾಶೆಯನ್ನು ಮತ್ತೊಮ್ಮೆ ನೋಡಿಕೊಂಡಳು. ಮಂಗಳೂರಿನಾಚೆ ಕಡಲಿಗೆ ಬಿಟ್ಟಿದ್ದ ಅವಳ ಹಳದಿ ಡಬ್ಬಿ ನೀರು ಹರಿದತ್ತ ತೇಲುತ್ತ, ದಿನಕ್ಕೊಮ್ಮೆ ತಾನೆಲ್ಲಿದ್ದೇನೆಂದು ಉಪಗ್ರಹಕ್ಕೆ ತಿಳಿಸುತ್ತಿತ್ತು. ಮಳೆಗಾಲದಲ್ಲಿ ಈ ಕರಾವಳಿಯ ನೀರು ತೆಂಕಿಗೆ ಹರಿಯುತ್ತದೆಂದು ಪುಸ್ತಕಗಳೆಲ್ಲ ಹೇಳುತ್ತವೆ. ಇವಳ ಡಬ್ಬಿ ಮಾತ್ರ ಕಾಸರಗೋಡಿನವರೆಗೆ ಹೋಗಿ ಮಂಗಳೂರಿಗೇ ಮರಳಿತ್ತು. ಒಂದಲ್ಲ, ಮೂರು ಸಲ! ಯಾರೂ ಕಾಣದ ಸುಳಿಯೊಂದು ಸಿಕ್ಕಿತೆಂದು ಅವಳ ಪ್ರೊಫೆಸರರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಐದು ವರ್ಷ ಎಳೆದಾಡಿದ ಡಾಕ್ಟರೇಟ್ ಇವತ್ತು ಕೈಗೆ ಬರುವುದಿತ್ತು.

ಅಷ್ಟರಲ್ಲಿ ಶುಕೂರ್ ಮಾಮ ಬೂತಾಯಿ ಮೀನಿನ ಚೀಲ ಹಿಡಿದು ಬಿ.ಸಿ.ರೋಡಿನ ಅವಳ ಮನೆಗೆ ಬಂದರು. ಡಬ್ಬಿಯನ್ನು ಕಡಲಿಗೆ ಬಿಟ್ಟದ್ದು ಅವರದೇ ಬೋಟಿನಿಂದ. ನೀರುದೋಸೆಗೆ ಕೂತವರು ನಕಾಶೆಯತ್ತ ಕತ್ತು ಚಾಚಿದರು.

“ಇದು ನಿನ್ನ ಆ ಡಬ್ಬಿಯಾ? ಅದಕ್ಕೆ ಸ್ವಲ್ಪವೂ ಬುದ್ಧಿ ಇಲ್ಲ ಮಾರಾಯ್ತಿ.”

“ಯಾಕೆ ಮಾಮ?”

“ಎಷ್ಟು ಸಲ ತಂದು ಬಿಟ್ಟರೂ ಪುನಃ ಕಾಸರಗೋಡಿಗೇ ಹೋಗ್ತದೆ. ಮೂರು ಸಲ ನಾನೇ ಹಿಡಿದು, ನೀನು ಬಿಟ್ಟ ಜಾಗಕ್ಕೇ ತಂದು ಬಿಟ್ಟಿದ್ದೇನೆ.”

ಮುರ್ಶಿದಾ ಲ್ಯಾಪ್‌ಟಾಪನ್ನು ತನ್ನತ್ತ ಎಳೆದುಕೊಂಡಳು. “ತರ್ಲಿಕ್ಕೆ ಯಾರು ಹೇಳಿದ್ದು?”

“ಯಾರಾದ್ರೂ ಹೇಳ್ಬೇಕಾ? ತಂಗಿಯ ಮಗಳ ಡಬ್ಬಿ ಕೇರಳದವರ ಪಾಲಾಗುವುದನ್ನು ನೋಡಿಕೊಂಡು ಕೂರ್ಲಿಕ್ಕೆ ಆಗ್ತದಾ?”

ಬೈಯುವುದಾದರೂ ಹೇಗೆ? ಚಿಕ್ಕಂದಿನಲ್ಲಿ ಬಸ್ಸಿನಲ್ಲಿ ಮರೆತ ಕೊಡೆಗಳನ್ನೂ ಹೀಗೆಯೇ ಹುಡುಕಿ ತಂದುಕೊಟ್ಟ ಮಾಮ ಇವರು. ಅವರ ತಟ್ಟೆಗೆ ಇನ್ನೊಂದು ದೋಸೆ ಹಾಕಿ, ಲ್ಯಾಪ್‌ಟಾಪ್ ಎತ್ತಿಕೊಂಡು ಹಜಾರಕ್ಕೆ ಹೋದಳು.

ಪರದೆಯ ಮೇಲೆ ಏಳು ಗಂಭೀರ ಮುಖಗಳು ಮೂಡಿದವು. ಪ್ರೊಫೆಸರಂತೂ ಮದುವೆ ಮನೆಯವರ ಹಾಗೆ ಹೊಸ ಅಂಗಿ ಹಾಕಿ ಕೂತಿದ್ದರು. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಏನಾದರೊಂದು ಹೇಳಿದರೆ ಸಾಕಿತ್ತು, ಸಂಜೆಗೆ ಅವಳು ಡಾಕ್ಟರ್ ಮುರ್ಶಿದಾ. ಮಾಮ ಹೋಗಿ ಯಾರ ಹತ್ತಿರವೂ ಹೇಳುವವರಲ್ಲ. ಆದರೆ ನಾಳೆ ಯಾರಾದರೂ ಆ ಸುಳಿಯನ್ನು ನಂಬಿ ಕಡಲಿಗಿಳಿದರೆ? ಅವಳು ನಕಾಶೆಯನ್ನು ಅವರ ಮುಂದಿಟ್ಟಳು.

“ಅದ್ಭುತ!” ಎಂದರು ಎಲ್ಲರಿಗಿಂತ ಹಿರಿಯ ವಿಜ್ಞಾನಿ. “ಇಷ್ಟು ಬಲವಾದ ಪ್ರವಾಹದ ಎದುರಿಗೆ ಡಬ್ಬಿಯನ್ನು ಮೂರು ಸಲ ಉತ್ತರಕ್ಕೆ ತಳ್ಳಿದ ಆ ಶಕ್ತಿ ಯಾವುದು? ಗಾಳಿಯೆ? ಉಪ್ಪಿನಂಶವೆ?”

ಮುರ್ಶಿದಾ ಒಮ್ಮೆ ಅಡುಗೆಮನೆಯ ಕಡೆ ನೋಡಿದಳು. ಮಾಮ ಆರನೆಯ ದೋಸೆ ಮಡಚುತ್ತಿದ್ದರು.

“ಡೀಸೆಲ್, ಸರ್.”